ಬೇಲಿಯಾಚೆಯ ನಲವತ್ತು ಜನ

ನಮ್ಮ ಕನ್ನಡ ಸಂಘದ ಇಬ್ಬರು ಹುಡುಗಿಯರು ಈಗ ಲೀಡ್ಸ್‌ನಲ್ಲಿ ಕ್ರೀಡಾ ತರಬೇತಿಯ ಕೋರ್ಸ್ ಓದುತ್ತಿದ್ದಾರೆ. ಹೋದ ತಿಂಗಳು ಮನೆಗೆ ಬಂದಿದ್ದಾಗ, "ಆಂಟಿ, ಕೋಚ್ ಕೆಲಸದಲ್ಲಿ ಎಲ್ಲಕ್ಕಿಂತ ಕಷ್ಟ ಯಾವುದು?" ಎಂದು ಕೇಳಿದರು. ಚಳಿ, ಕೆಸರು, ಮಂಡಿನೋವು ಅಂತ ಏನೇನೋ ಹೇಳಿ ಟೀ ಕೊಟ್ಟು ಕಳಿಸಿದೆ. ಅವರು ಹೋದ ಮೇಲೆ ಸುಳ್ಳು ಹೇಳಿದೆನಲ್ಲ ಅನ್ನಿಸಿತು. ಆ ಕೆಲಸದಲ್ಲಿ ಎಲ್ಲಕ್ಕಿಂತ ಕಷ್ಟವಾದದ್ದು ಹೆದರಿಕೆ. ಹತ್ತೊಂಬತ್ತು ವರ್ಷ ಕೆಲಸ ಮಾಡಿದೆ. ಅದರಲ್ಲಿ ಕೊನೆಯ ಆರೇಳು ವರ್ಷ ಪ್ರತಿ ಬುಧವಾರವೂ ಹೆದರಿಕೊಂಡೇ ಮೈದಾನಕ್ಕೆ ಹೋಗಿದ್ದೇನೆ. ಅದನ್ನು ಇಲ್ಲಿ ಬರೆದಿಡುತ್ತೇನೆ. ಆ ಹುಡುಗಿಯರಿಗೆ ಕನ್ನಡ ಮಾತು ಅರ್ಥವಾಗುತ್ತದೆ, ಓದಲು ಬರುವುದಿಲ್ಲ. ಅಮ್ಮಂದಿರು ಓದಿ ಹೇಳಲಿ. ಅವರಿಗೂ ಗೊತ್ತಿರಬೇಕಾದ ವಿಷಯವೇ ಇದು.

ನಾನು ದಾವಣಗೆರೆಯವಳು. ದೈಹಿಕ ಶಿಕ್ಷಣ ಓದುವಾಗ ಸಾಫ್ಟ್‌ಬಾಲ್ ಆಡುತ್ತಿದ್ದೆ. ಈ ಆಟ ಗೊತ್ತಿಲ್ಲದವರಿಗೆ ಇಷ್ಟು ಹೇಳಿದರೆ ಸಾಕು: ಕ್ರಿಕೆಟ್ ಚೆಂಡಿಗಿಂತ ದಪ್ಪನೆಯ ಚೆಂಡು, ಪಿಚರ್ ಅನ್ನುವವಳು ಅದನ್ನು ತೋಳು ಸುತ್ತಿಸಿ ಸೊಂಟದ ಕೆಳಗಿನಿಂದ ಎಸೆಯುತ್ತಾಳೆ, ಬ್ಯಾಟ್ ಹಿಡಿದವಳು ಹೊಡೆದು, ಬೇಸ್ ಅನ್ನುವ ನಾಲ್ಕು ಮೂಲೆಗಳಲ್ಲಿ ಒಂದರಿಂದ ಇನ್ನೊಂದಕ್ಕೆ ಓಡುತ್ತಾಳೆ. ಸಾಫ್ಟ್ ಅನ್ನುವುದು ಹೆಸರಿಗೆ ಮಾತ್ರ. ಚೆಂಡು ಕಲ್ಲಿನ ಹಾಗೇ ಇರುತ್ತದೆ. ಪಿಚರ್‌ಗೂ ಬ್ಯಾಟಿಗೂ ನಡುವೆ ಇರುವುದು ಹದಿಮೂರು ಮೀಟರ್. ಈ ಹದಿಮೂರು ಮೀಟರ್ ನೆನಪಿಟ್ಟುಕೊಳ್ಳಿ.

ಮದುವೆಯಾಗಿ ಕೊವೆಂಟ್ರಿಗೆ ಬಂದೆ. ನಮ್ಮವರು ಮಹೇಶ್, ಕಾರಿನ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿ ಇಂಜಿನಿಯರ್. ಮಗಳು ಶಾಲೆಗೆ ಹೋಗಲು ಶುರುಮಾಡಿದ ಮೇಲೆ ನಾನು ಮಿಡ್‌ಲ್ಯಾಂಡ್ಸ್‌ನ ಒಂದು ಯೂನಿವರ್ಸಿಟಿಯ ಕ್ರೀಡಾ ವಿಭಾಗದಲ್ಲಿ ಜಿಮ್ ನೋಡಿಕೊಳ್ಳುವ ಕೆಲಸಕ್ಕೆ ಸೇರಿದೆ. ಯೂನಿವರ್ಸಿಟಿಯ ಹೆಸರು ಇಲ್ಲಿ ಬೇಡ. ಅಲ್ಲಿ ಅಮೆರಿಕದಿಂದ ಬಂದಿದ್ದ ಕೆಲವು ವಿದ್ಯಾರ್ಥಿನಿಯರು ಸಾಫ್ಟ್‌ಬಾಲ್ ತಂಡ ಕಟ್ಟಿದ್ದರು. ಯಾರಿಗಾದರೂ ಈ ಆಟ ಗೊತ್ತಾ ಅಂತ ಸ್ಟಾಫ್ ಮೀಟಿಂಗಿನಲ್ಲಿ ಕೇಳಿದಾಗ ಕೈ ಎತ್ತಿದವಳು ನಾನೊಬ್ಬಳೇ. ನಾನು ಕೋಚ್ ಆದ ಕಥೆ ಇಷ್ಟೇ.

ಇಲ್ಲಿ ಯೂನಿವರ್ಸಿಟಿಗಳಲ್ಲಿ ಬುಧವಾರ ಮಧ್ಯಾಹ್ನ ಪಾಠ ಇರುವುದಿಲ್ಲ. ಅದು ಆಟದ ಹೊತ್ತು. ನಮ್ಮ ಮೈದಾನಕ್ಕೆ ಸೊಂಟದೆತ್ತರದ ತಂತಿಬೇಲಿ. ಬೇಲಿಯಾಚೆ ನಿಂತು ನೋಡಲು ನಲವತ್ತು ಜನ ಬರುತ್ತಿದ್ದರು. ನಲವತ್ತೇನು ದೊಡ್ಡದು ಅನ್ನಬಹುದು. ದೊಡ್ಡ ಸ್ಟೇಡಿಯಮ್ಮಿನಲ್ಲಿ ಮೂವತ್ತು ಸಾವಿರ ಜನ ಕೂಗಿದರೆ ಅದು ಬರೀ ಸದ್ದು. ನಲವತ್ತು ಜನ ಕೂಗಿದರೆ ಯಾರು ಏನಂದರು ಅಂತ ಒಂದೊಂದೂ ಕೇಳಿಸುತ್ತದೆ. ಹಳೆಯ ಆಟಗಾರ್ತಿಯರು, ಅಪ್ಪ ಅಮ್ಮಂದಿರು, ಹಾಸ್ಟೆಲಿನ ಹುಡುಗರು, ಅಕ್ಕಪಕ್ಕದ ಬೀದಿಯ ನಿವೃತ್ತರು ಎಲ್ಲರ ಮುಖವೂ ನನಗೆ ಪರಿಚಯ.

ಮೊದಲ ಹತ್ತು ಹನ್ನೊಂದು ವರ್ಷ ಅವರು ನನ್ನನ್ನು ಹೊತ್ತು ತಿರುಗಿದರು. ನಾವು ಗೆಲ್ಲುತ್ತಿದ್ದೆವು. ಅಮೆರಿಕದ ಹುಡುಗಿಯರು ಚಿಕ್ಕಂದಿನಿಂದ ಆಡಿದವರು, ನಾನು ಹೇಳಿಕೊಡುವುದಕ್ಕಿಂತ ಅವರೇ ನನಗೆ ಹೇಳಿಕೊಟ್ಟದ್ದು ಹೆಚ್ಚು. ಆಮೇಲೆ ಅವರು ಬರುವುದು ನಿಂತಿತು. ಜೀವಮಾನದಲ್ಲಿ ಆ ಚೆಂಡು ಮುಟ್ಟದ ಹುಡುಗಿಯರನ್ನು ಅಕ್ಟೋಬರಿನಲ್ಲಿ ಸೇರಿಸಿಕೊಂಡು ಏಪ್ರಿಲಿಗೆ ಪಂದ್ಯಕ್ಕೆ ಇಳಿಸಬೇಕಾಯಿತು. ಸೋಲತೊಡಗಿದೆವು. ಒಂದು ವರ್ಷ ಸೋತಾಗ ಬೇಲಿಯಾಚೆಯವರು ಸಮಾಧಾನ ಹೇಳಿದರು. ಎರಡನೇ ವರ್ಷ ಸುಮ್ಮನಿದ್ದರು. ಮೂರನೇ ವರ್ಷ ಶುರುವಾಯಿತು.

ಆ ನಲವತ್ತರಲ್ಲಿ ಡೆರೆಕ್ ಎಂಬವನಿದ್ದ. ಎಪ್ಪತ್ತರ ಹತ್ತಿರದವ, ಬಸ್ ಡ್ರೈವರ್ ಆಗಿ ನಿವೃತ್ತನಾದವ. ಮಗಳು ಯಾವುದೋ ಕಾಲದಲ್ಲಿ ನಮ್ಮ ತಂಡದಲ್ಲಿ ಆಡಿ ಹೋಗಿದ್ದಳು, ಅಪ್ಪ ಮಾತ್ರ ಬರುತ್ತಲೇ ಇದ್ದ. ಮಡಚುವ ಕುರ್ಚಿ, ಟೀ ಫ್ಲಾಸ್ಕ್, ಒಂದು ನೋಟ್‌ಬುಕ್ಕು. ನನ್ನ ಬೆಂಚಿನ ಸರಿಯಾಗಿ ಹಿಂದೆ ಕೂರುತ್ತಿದ್ದ. ನಾನು ಏನಾದರೂ ತೀರ್ಮಾನ ತೆಗೆದುಕೊಂಡರೆ ಹಿಂದಿನಿಂದ "ಚ್ಚ್" ಅನ್ನುವ ಸದ್ದು ಬರುತ್ತಿತ್ತು. ಆಮೇಲೆ ಪೆನ್ಸಿಲಿನ ಸದ್ದು. ಅವನು ಏನು ಬರೆದುಕೊಳ್ಳುತ್ತಾನೆ ಅನ್ನುವುದು ನನಗೆ ದೊಡ್ಡ ಹೆದರಿಕೆಯಾಗಿತ್ತು.

ಅವನು ಬರೆದುಕೊಳ್ಳುವಂಥದ್ದನ್ನು ನಾನು ಮಾಡಲಿಲ್ಲ ಅಂತಲ್ಲ. ಮೇ ತಿಂಗಳಲ್ಲಿ ಇಲ್ಲಿ ಹುಲ್ಲಿನ ಪರಾಗಕ್ಕೆ ನನ್ನ ಮೂಗು ಸೋರಲು ಶುರುವಾಗುತ್ತದೆ. ಆಟದಲ್ಲಿ ಕೋಚ್ ಸನ್ನೆಯಲ್ಲೇ ಎಲ್ಲ ಹೇಳಬೇಕು. ನಾನು ಇಟ್ಟುಕೊಂಡಿದ್ದ ಗುರುತು, ಮೂಗು ಮುಟ್ಟಿದರೆ 'ಓಡು' ಅಂತ. ಒಂದು ಪಂದ್ಯದಲ್ಲಿ ಇಬ್ಬರು ಬೇಸಿನ ಮೇಲೆ ನಿಂತಿದ್ದಾಗ ನಾನು ಕರವಸ್ತ್ರ ತೆಗೆದು ಮೂಗು ಒರೆಸಿಕೊಂಡೆ. ಇಬ್ಬರೂ ಓಡಿದರು, ಇಬ್ಬರೂ ಔಟ್. ಒಬ್ಬಳು ವಾಪಸು ಬಂದು, "ಸ್ಯಾರೋ, ಅಷ್ಟು ಜೋರಾಗಿ ಸನ್ನೆ ಮಾಡಿದ್ರಲ್ಲ, ಓಡದೇ ಇರೋದು ಹೇಗೆ?" ಎಂದು ಅಳು ಮುಖ ಮಾಡಿದಳು. ಸರೋಜಾ ಅನ್ನುವುದು ಅವರ ಬಾಯಲ್ಲಿ ಸ್ಯಾರೋ ಆಗಿತ್ತು. ಈಗ ಹೇಳುವಾಗ ನಗು ಬರುತ್ತದೆ. ಅವತ್ತು ಬೇಲಿಯ ಕಡೆ ತಿರುಗಿ ನೋಡಲು ಧೈರ್ಯ ಬರಲಿಲ್ಲ.

ಮೊದಲೆಲ್ಲ ಬೈಗುಳ ಮೈದಾನದಲ್ಲೇ ಮುಗಿಯುತ್ತಿತ್ತು. ಕಾರು ಹತ್ತಿದರೆ ಆಯಿತು. ಆಮೇಲೆ ನಮ್ಮ ವಿಭಾಗದ ಮುಖ್ಯಸ್ಥ ಗ್ರಾಹಂ ಎಲ್ಲ ಪಂದ್ಯಗಳನ್ನೂ ಮೊಬೈಲಿನಲ್ಲಿ ನೇರಪ್ರಸಾರ ಮಾಡಲು ವ್ಯವಸ್ಥೆ ಮಾಡಿದ. ನನಗೂ ಒಂದು ಟ್ಯಾಬ್ಲೆಟ್ ಕೊಟ್ಟ. ಪೆನ್ಸಿಲಿನಲ್ಲಿ ಬರೆಯುತ್ತಿದ್ದ ಅಂಕಪಟ್ಟಿ ಹೋಗಿ ಅದರಲ್ಲಿ ಪ್ರತಿ ಎಸೆತವನ್ನೂ ಒತ್ತಬೇಕಾಯಿತು. ಅದರಿಂದ ಲಾಭವಾಗಲಿಲ್ಲ ಅನ್ನಲಾರೆ. ನಮ್ಮ ಪಿಚರ್ ಕ್ಲೋಯಿ ಎಷ್ಟು ಎಸೆತಕ್ಕೆ ಸೋಲುತ್ತಾಳೆ, ಸೋತವಳು ಮತ್ತೆ ಹೇಗೆ ಚೇತರಿಸಿಕೊಳ್ಳುತ್ತಾಳೆ ಅಂತ ನನಗೆ ಗೊತ್ತಾದದ್ದು ಅದರಿಂದಲೇ. ಆದರೆ ನೇರಪ್ರಸಾರ ಶುರುವಾದ ಮೇಲೆ ನಲವತ್ತು ಜನರ ಮಾತಿಗೆ ಕೊನೆಯೇ ಇಲ್ಲದಂತಾಯಿತು. ಗುರುವಾರ, ಶುಕ್ರವಾರವೂ ಪಂದ್ಯ ನಡೆಯುತ್ತಲೇ ಇತ್ತು.

ಅದು ನನಗೆ ತಿಳಿದದ್ದು ಬರ್ಮಿಂಗ್‌ಹ್ಯಾಮಿನಲ್ಲಿ, ಯುಗಾದಿ ಊಟದ ಸಾಲಿನಲ್ಲಿ. ಎಜ್‌ಬಾಸ್ಟನ್ನಿನ ಡಾಕ್ಟರೊಬ್ಬರ ಹೆಂಡತಿ ಹೋಳಿಗೆ ಬಡಿಸಿಕೊಳ್ಳುತ್ತ, "ಸರೋಜಾ ಅವರೇ, ನಮ್ಮ ಹುಡುಗ ನಿಮ್ಮ ಯೂನಿವರ್ಸಿಟೀಲೇ ಓದೋದು. ಫೇಸ್‌ಬುಕ್‌ನಲ್ಲಿ ನಿಮ್ಮ ಹೆಸರಿನ ಮೇಲೆ ಒಂದು ಪೇಜೇ ಇದೆಯಂತೆ! ಭಾರಿ ಫೇಮಸ್ಸು ನೀವು" ಅಂದರು. ಪಾಪ, ಅವರಿಗೆ ನಿಜವಾಗಿ ಗೊತ್ತಿರಲಿಲ್ಲ. ನಾನು ತಟ್ಟೆ ಹಿಡಿದುಕೊಂಡೇ ಮಗಳು ದೀಪ್ತಿಯನ್ನು ಹುಡುಕಿ ಆ ಪೇಜ್ ತೆಗೆಸಿದೆ. ಅವಳು ನೋಡಿದ ತಕ್ಷಣ ಫೋನ್ ಎದೆಗೊತ್ತಿಕೊಂಡಳು.

"ಕೊಡೇ ಇಲ್ಲಿ."

ಅವಳು ಇಂಗ್ಲಿಷಿನಲ್ಲೇ ಹೇಳಿದಳು, "ನೋ ಅಮ್ಮಾ, ಪ್ಲೀಸ್."

ಕಿತ್ತುಕೊಂಡು ನೋಡಿದೆ. ಪೇಜಿನ ಹೆಸರು 'ಸ್ಯಾರೋ ಔಟ್', ಅಂದರೆ ಸ್ಯಾರೋಳನ್ನು ತೆಗೆದುಹಾಕಿ ಅಂತ. ನನ್ನ ಫೋಟೋಗಳು. ಬಾಯಿ ತೆರೆದದ್ದು, ಮೂಗು ಒರೆಸಿಕೊಂಡದ್ದು, ತಲೆಯ ಮೇಲೆ ಕೈ ಹೊತ್ತು ಕೂತದ್ದು. ಕೆಳಗೆ ನೂರಾರು ಮಾತು. ಕೆಲವನ್ನು ಬರೆದವರು ಹೋದ ಬುಧವಾರ ನನಗೆ ಕೈ ಬೀಸಿದವರೇ. ಹೋಳಿಗೆ ತಟ್ಟೆಯಲ್ಲೇ ಉಳಿಯಿತು. ಹೊಸದಾಗಿ ಈ ಕೆಲಸಕ್ಕೆ ಬರುವವರು ಇದೊಂದನ್ನು ಕೇಳಿ: ಅಂಥದ್ದನ್ನು ನೋಡಬೇಡಿ. ನಾನು ಆಮೇಲೆ ದಿನಕ್ಕೆ ಹತ್ತು ಸಲ ನೋಡುತ್ತಿದ್ದೆ. ಅಡುಗೆ ಮಾಡುವಾಗ, ಟ್ರಾಫಿಕ್ ಸಿಗ್ನಲ್ಲಿನಲ್ಲಿ, ಎಲ್ಲ ಕಡೆ. ಓದಿ ಓದಿ, ಮೈದಾನದಲ್ಲಿ ನಿಂತಾಗ ಆಟ ಕಾಣುವ ಬದಲು ಅವರು ನಾಳೆ ಬರೆಯುವುದು ಕಾಣುತ್ತಿತ್ತು.

ಅದೇ ಏಪ್ರಿಲಿನಲ್ಲಿ ಒಂದು ದಿನ ಅಭ್ಯಾಸ ಮುಗಿಸಿ ಕಾರಿನ ಹತ್ತಿರ ಹೋದರೆ ವೈಪರಿಗೆ ಒಂದು ಚೀಟಿ ಸಿಕ್ಕಿಸಿದ್ದರು. ದೊಡ್ಡ ಅಕ್ಷರದಲ್ಲಿ ಎರಡೇ ಪದ: 'ಗೋ ಹೋಮ್'.

ನಾನು ಅದನ್ನು ಹಿಡಿದುಕೊಂಡು ಕಾರಿನಲ್ಲೇ ಕೂತೆ. ಮನೆಗೆ ಹೋಗು. ಯಾವ ಮನೆಗೆ? ಸೋತಿದ್ದೀ, ಮೈದಾನ ಬಿಟ್ಟು ಮನೆಗೆ ಹೋಗು ಅಂತಲೋ? ಅಥವಾ ಬಂದ ದೇಶಕ್ಕೇ ವಾಪಸು ಹೋಗು ಅಂತಲೋ? ಇಷ್ಟು ವರ್ಷದಲ್ಲಿ ಆ ಎರಡನೆಯ ಮಾತನ್ನು ನನ್ನ ಮುಖಕ್ಕೆ ಯಾರೂ ಹೇಳಿರಲಿಲ್ಲ. ಮಹೇಶ್‌ಗೆ ತೋರಿಸಲಿಲ್ಲ, ತೋರಿಸಿದರೆ ಕೆಲಸ ಬಿಡು ಅನ್ನುತ್ತಿದ್ದರು. ಗ್ರಾಹಂಗೂ ತೋರಿಸಲಿಲ್ಲ. ಅವತ್ತಿನಿಂದ ಕಾರನ್ನು ಗೇಟಿನ ಎದುರಿಗೇ, ಎಲ್ಲರಿಗೂ ಕಾಣುವ ಕಡೆ ನಿಲ್ಲಿಸಲು ಶುರುಮಾಡಿದೆ. ಹತ್ತುವ ಮುಂಚೆ ಹಿಂದಿನ ಸೀಟು ನೋಡುತ್ತಿದ್ದೆ. ಬೇಲಿಯಾಚೆಯ ಒಂದೊಂದು ಮುಖವನ್ನೂ ನೋಡಿ 'ಇವರಾ? ಇವರಾ?' ಅಂದುಕೊಳ್ಳುತ್ತಿದ್ದೆ. ಹೆಚ್ಚಾಗಿ ನನ್ನ ಕಣ್ಣು ಡೆರೆಕ್‌ನ ಮೇಲೇ ನಿಲ್ಲುತ್ತಿತ್ತು.

ಇದರ ಜೊತೆಗೆ ಗ್ರಾಹಂ ಬೇರೆ. ಅವನು ಎಂದೂ ಗಟ್ಟಿಯಾಗಿ ಮಾತಾಡಿದವನಲ್ಲ. "ಸರೋಜಾ, ಐದು ನಿಮಿಷ ಸಿಗ್ತೀರಾ?" ಅಂತ ಒಂದು ಸಾಲಿನ ಈಮೇಲ್ ಬರುತ್ತಿತ್ತು. ಹೋದರೆ, "ನಂಗೆ ನಿಮ್ಮ ಮೇಲೆ ಪೂರ್ತಿ ನಂಬಿಕೆ ಇದೆ. ಆದರೆ ಜನಕ್ಕೆ ಹೇಗೆ ಕಾಣುತ್ತೆ ಅನ್ನೋದೂ ಮುಖ್ಯ ಅಲ್ವಾ? ಅವರ ಮಾತನ್ನ ಸ್ವಲ್ಪ ಕೇಳಿಸ್ಕೊಳ್ಳಿ" ಅನ್ನುತ್ತಿದ್ದ.

ಕೇಳಿಸಿಕೊಂಡೆ. ಅದೇ ನನ್ನ ಜೀವನದ ದೊಡ್ಡ ತಪ್ಪಾಯಿತು.

ಮೇ ತಿಂಗಳ ಮೂರನೇ ಬುಧವಾರ. ಏಳು ಇನ್ನಿಂಗ್ಸಿನ ಆಟದಲ್ಲಿ ಐದನೆಯದು, ನಾವು ಎರಡೇ ರನ್ ಹಿಂದಿದ್ದೆವು. ಆ ವರ್ಷದ ಮಟ್ಟಿಗೆ ಅದೇ ದೊಡ್ಡದು. ಕ್ಲೋಯಿ ದಣಿದಿದ್ದಳು, ಎಸೆತಗಳು ಅತ್ತಿತ್ತ ಹೋಗುತ್ತಿದ್ದವು. ಎದುರಾಳಿಗಳಲ್ಲಿ ಇನ್ನೊಬ್ಬಳು ಔಟಾದರೆ ಅವರ ಬ್ಯಾಟಿಂಗ್ ಸರದಿ ಮುಗಿಯುತ್ತಿತ್ತು. ಈ ಹಂತ ದಾಟಿದರೆ ಕ್ಲೋಯಿ ಚೇತರಿಸಿಕೊಳ್ಳುತ್ತಾಳೆ ಅಂತ ನನಗೆ ಗೊತ್ತಿತ್ತು, ಟ್ಯಾಬ್ಲೆಟ್ಟಿನಲ್ಲೂ ಅದೇ ಇತ್ತು. ಅಷ್ಟರಲ್ಲಿ ಹಿಂದಿನಿಂದ ಡೆರೆಕ್ ಕೂಗಿದ. "ಅವಳನ್ನ ತೆಗೀರಿ!" ಇನ್ನೊಬ್ಬರು ಕೂಗಿದರು. ಆಮೇಲೆ ಅದು ತಾಳ ಹಿಡಿಯಿತು. ನಲವತ್ತು ಜನ ಚಪ್ಪಾಳೆ ತಟ್ಟುತ್ತ, "ತೆಗೀರಿ, ತೆಗೀರಿ." ಯಾರೋ ಒಂದು ಬೆಡ್‌ಶೀಟ್ ಬಿಚ್ಚಿ ಬೇಲಿಗೆ ಕಟ್ಟಿದರು. ಅದರಲ್ಲಿ ಪೇಜಿನ ಹೆಸರೇ ಇತ್ತು.

ನನ್ನ ಕಿವಿ ಬಿಸಿಯಾಯಿತು. ಆಟ ನಿಲ್ಲಿಸಲು ಅಂಪೈರನ್ನು ಟೈಮ್ ಕೇಳಿ ಕ್ಲೋಯಿಯನ್ನು ವಾಪಸು ಕರೆದೆ. ಬೆಂಚಿನಲ್ಲಿ ಹ್ಯಾನಾ ಇದ್ದಳು. ಮೊದಲನೇ ವರ್ಷದವಳು, ಫಿಸಿಯೋಥೆರಪಿ ಓದುವವಳು, ಹದಿನೆಂಟು ತುಂಬಿ ಕೆಲವೇ ತಿಂಗಳಾಗಿತ್ತು. ಮೈ ಬಿಸಿ ಮಾಡಿಕೊಂಡಿರಲಿಲ್ಲ.

"ಹ್ಯಾನಾ, ನೀನು ಹೋಗು."

"ಈಗ್ಲಾ?" ಅಂದವಳು ಎದ್ದು ಬ್ಯಾಗಿಗೆ ಕೈ ಹಾಕಿದಳು. "ಕೋಚ್, ಮಾಸ್ಕ್ ತಳದಲ್ಲೆಲ್ಲೋ ಇದೆ. ಒಂದ್ನಿಮಿಷ."

ಆ ಮಾಸ್ಕಿನ ವಿಷಯ ಹೇಳಬೇಕು. ನಾನು ಆಡುವ ಕಾಲದಲ್ಲಿ ಪಿಚರ್ ಮುಖಕ್ಕೆ ಏನನ್ನೂ ಹಾಕುತ್ತಿರಲಿಲ್ಲ. ಈಗ ತಂತಿಯ ಮುಖರಕ್ಷೆ ಬಂದಿದೆ. ಲೀಗಿನಲ್ಲಿ ಅದು ಕಡ್ಡಾಯವಾಗಿರಲಿಲ್ಲ. ನಮ್ಮ ತಂಡದಲ್ಲಿ ಕಡ್ಡಾಯ ಮಾಡಿದ್ದವಳು ನಾನೇ. ಹದಿಮೂರು ಮೀಟರಿನಿಂದ ಬರುವ ಹೊಡೆತಕ್ಕೆ ಕಣ್ಣು ಮಿಟುಕಿಸಲೂ ಪುರುಸೊತ್ತಿರುವುದಿಲ್ಲ.

ಅಂಪೈರ್ ಗಡಿಯಾರ ನೋಡಿದ. ಹಿಂದೆ ಚಪ್ಪಾಳೆ ನಿಂತಿರಲಿಲ್ಲ, ಈಗ ಅದು ನಿಧಾನವಾಗಿ, ಅಣಕಿಸುವ ಹಾಗೆ ಬರುತ್ತಿತ್ತು. ಹ್ಯಾನಾ ಬೇಲಿಯ ಕಡೆ ನೋಡಿದಳು, ನನ್ನ ಮುಖ ನೋಡಿದಳು. ನನ್ನ ಮುಖದಲ್ಲಿ ಏನು ಕಂಡಿತೋ. "ಪರವಾಗಿಲ್ಲ ಬಿಡಿ, ನಾನು ರೆಡಿ" ಅಂದಳು.

ಒಂದು ನಿಮಿಷ ಕಾಯಬಹುದಿತ್ತು. ನಾನು "ಹೋಗು" ಅಂದೆ.

ಅವಳ ಮೂರನೇ ಎಸೆತವನ್ನು ಬ್ಯಾಟಿನವಳು ನೇರವಾಗಿ ಹೊಡೆದಳು. ಬ್ಯಾಟಿನ ಸದ್ದು, ಅದರ ಬೆನ್ನಿಗೇ ಇನ್ನೊಂದು ಸದ್ದು. ಅದನ್ನು ಬರೆಯಲಾರೆ. ಹ್ಯಾನಾ ಕೂಗಲಿಲ್ಲ. ಮಂಡಿಯೂರಿ ಕೂತು ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ನಾನು ಓಡಿ ಹೋದಾಗ ಬೆರಳ ಸಂದಿಯಿಂದ ರಕ್ತ ಇಳಿಯುತ್ತಿತ್ತು. "ಕೋಚ್, ಎಡಗಣ್ಣು ಕಾಣಿಸ್ತಿಲ್ಲ" ಅಂದಳು, ಬಹಳ ಮೆಲ್ಲಗೆ, ಪಾಠದಲ್ಲಿ ಡೌಟ್ ಕೇಳುವ ಹಾಗೆ. ಬೇಲಿಯಾಚೆ ಒಂದು ಕುರ್ಚಿ ಬಿದ್ದ ಸದ್ದು ಬಿಟ್ಟರೆ ಬೇರೇನೂ ಇಲ್ಲ.

ಆಂಬುಲೆನ್ಸಿನಲ್ಲಿ ಅವಳ ಜೊತೆ ನಾನೇ ಹೋದೆ. ದಾರಿಯಲ್ಲಿ ಅವಳ ತಾಯಿಗೆ ಫೋನ್ ಮಾಡಬೇಕಾಯಿತು. ಈ ಕೆಲಸಕ್ಕೆ ಬರುವವರು ಎಲ್ಲ ಕಲಿಯುತ್ತಾರೆ, ಆ ಫೋನ್ ಹೇಗೆ ಮಾಡುವುದು ಅಂತ ಯಾರೂ ಕಲಿಸುವುದಿಲ್ಲ. ನಾನು "ಹ್ಯಾನಾಗೆ ಪೆಟ್ಟಾಗಿದೆ" ಅಂದೆ. ಆಚೆಯಿಂದ ತಾಯಿ ಜೂಲಿ, "ಎಲ್ಲಿ?" ಅಂದಳು. "ಮುಖಕ್ಕೆ."

ಆಸ್ಪತ್ರೆಯಲ್ಲಿ ಅವಳನ್ನು ಒಳಗೆ ಕರೆದೊಯ್ದರು. ನಾನು ಹೊರಗೆ ಕುರ್ಚಿಯಲ್ಲಿ ಕೂತೆ. ಸ್ವಲ್ಪ ಹೊತ್ತಿಗೆ ಒಬ್ಬ ಎಳೆಯ ಡಾಕ್ಟರ್ ಬಾಗಿಲು ದಾಟಿ ಬಂದವನು ನನ್ನ ಜಾಕೆಟ್ಟಿನ ಮೇಲಿದ್ದ ಹೆಸರು ಓದಿ ನಿಂತ. "ಪಾಟೀಲ ಅಂದ್ರ… ಅಕ್ಕಾರ, ಕನ್ನಡದವರಾ ನೀವು?" ವಿಜಯಪುರದ ಕಡೆಯವನಂತೆ, ಪ್ರವೀಣ ಅಂತ ಹೆಸರು.

ನಾನು ಅವನ ತೋಳು ಹಿಡಿದುಕೊಂಡೆ. "ಕಣ್ಣು ಉಳಿಯುತ್ತೇನಪ್ಪಾ? ಅಷ್ಟು ಹೇಳು ಸಾಕು."

"ಅಕ್ಕಾರ, ನಾ ಏನೂ ಹೇಳೂ ಹಂಗಿಲ್ರಿ. ಅದು ಆಕಿಗೆ, ಆಕಿ ಮನಿಯವರಿಗೆ ಹೇಳೂ ಮಾತು." ಅವನು ನನ್ನ ಕೈ ಬಿಡಿಸಲಿಲ್ಲ. "ನೀವು ಮೊದಲ ಕೂಡ್ರಿ. ನೀರು ತರ್ತೀನಿ ತಡೀರಿ."

ತವರಿನ ಭಾಷೆಯಲ್ಲಿ ಮಾತಾಡಿದವನೂ ಹೇಳಲಾರದ್ದು ಏನೋ ಇದೆ ಅಂತ ನನಗೆ ಮತ್ತಷ್ಟು ಹೆದರಿಕೆಯಾಯಿತು. ಅವನು ಪ್ಲಾಸ್ಟಿಕ್ ಲೋಟದಲ್ಲಿ ತಂದುಕೊಟ್ಟ ನೀರು ಅರ್ಧ ನನ್ನ ಮಡಿಲಿಗೆ ಚೆಲ್ಲಿತು.

ಜೂಲಿ ಸ್ಟೋಕ್‌ನಿಂದ ಕಾರು ಓಡಿಸಿಕೊಂಡು ಬಂದಳು. ನನ್ನನ್ನು ನೋಡಿ, "ನೀವೇನಾ ಕೋಚ್?" ಅಂದವಳು ಉತ್ತರಕ್ಕೆ ಕಾಯದೆ ಒಳಗೆ ಹೋದಳು. ಅರ್ಧ ಗಂಟೆಯ ಮೇಲೆ ಹೊರಬಂದು ಗೋಡೆಗೆ ಒರಗಿ ಹೇಳಿದಳು. ಕೆನ್ನೆಯ ಮೂಳೆ ಮುರಿದಿದೆ, ಕಣ್ಣಿನ ಕೆಳಗಿನ ಮೂಳೆಯೂ. ಆಪರೇಷನ್ ಆಗಬೇಕು. ದೃಷ್ಟಿಯ ವಿಷಯ ಊತ ಇಳಿಯುವವರೆಗೆ ಹೇಳಲಾಗುವುದಿಲ್ಲ. "ನೀವಿನ್ನು ಹೋಗಿ" ಅಂದಳು. ಕೋಪದಿಂದ ಅಂದದ್ದಲ್ಲ, ಸುಸ್ತಾಗಿ ಅಂದದ್ದು. ಕೋಪ ಮಾಡಿಕೊಂಡಿದ್ದರೆ ಎಷ್ಟೋ ಸುಲಭವಾಗುತ್ತಿತ್ತು.

ಊತ ಇಳಿಯಲು ಒಂಬತ್ತು ದಿನ ಹಿಡಿಯಿತು. ಆ ಒಂಬತ್ತು ದಿನ ನಾನು ಏನು ತಿಂದೆ, ಯಾವಾಗ ಮಲಗಿದೆ ನೆನಪಿಲ್ಲ. ಒಂದು ಕಣ್ಣು ಮುಚ್ಚಿಕೊಂಡು ಮನೆಯಲ್ಲಿ ಓಡಾಡಿ ನೋಡುತ್ತಿದ್ದೆ. ಮೆಟ್ಟಿಲು ಇಳಿಯುವಾಗ ಹೇಗೆ, ಟೀ ಬಗ್ಗಿಸುವಾಗ ಹೇಗೆ ಅಂತ. ದೀಪ್ತಿ ಒಮ್ಮೆ ನೋಡಿಬಿಟ್ಟು ಅತ್ತಳು.

ಮೂರನೇ ದಿನ ಬೆಳಿಗ್ಗೆ, ಮಹೇಶ್ ಕೆಲಸಕ್ಕೆ ಹೋದ ಮೇಲೆ, ಕಿಟಕಿಯಿಂದ ನೋಡಿದರೆ ನಮ್ಮ ಗೇಟಿನ ಹತ್ತಿರ ಡೆರೆಕ್ ನಿಂತಿದ್ದ. ಇವನಿಗೆ ಮನೆ ಹೇಗೆ ಗೊತ್ತು? ಪರದೆ ಎಳೆದೆ. ಬೆಲ್ ಹೊಡೆದ, ತೆಗೆಯಲಿಲ್ಲ. ಮತ್ತೆ ಹೊಡೆಯಲಿಲ್ಲ. ಹೋದನೇನೋ ಅಂದುಕೊಂಡು ಹತ್ತು ನಿಮಿಷ ಬಿಟ್ಟು ನೋಡಿದರೆ ಕಾಂಪೌಂಡಿನ ಮೋಟು ಗೋಡೆಯ ಮೇಲೆ ಕೂತಿದ್ದ. ಕೊನೆಗೆ ಬಾಗಿಲಿನ ಸರಪಳಿ ಹಾಕಿಯೇ ಒಂದು ಗೇಣು ತೆರೆದೆ.

"ಏನು ಬೇಕು?"

ಅವನು ಎದ್ದು ನಿಂತ, ಹತ್ತಿರ ಬರಲಿಲ್ಲ. ಟೋಪಿ ಕೈಯಲ್ಲಿತ್ತು. "ಆ ಹುಡುಗಿ ಹೇಗಿದ್ದಾಳೆ? ಆಫೀಸಿನಲ್ಲಿ ಏನೂ ಹೇಳಲ್ಲ ಅಂತಾರೆ."

"ಇನ್ನೂ ಗೊತ್ತಿಲ್ಲ."

"ನಾನೇ ಮೊದಲು ಕೂಗಿದ್ದು" ಅಂದ. "ನಾನು ಕೂಗದೇ ಇದ್ದಿದ್ದರೆ ನೀವು ಅವಳನ್ನ ಕಳಿಸ್ತಿರಲಿಲ್ಲ. ಅಲ್ವಾ?"

ಇಷ್ಟು ದಿನ ಯಾರಿಗೆ ಹೆದರಿದ್ದೆನೋ ಅವನೇ ನನ್ನೆದುರು ನಡುಗುತ್ತಿದ್ದ. ಆ ಕ್ಷಣ ಹೌದು ಅಂದಿದ್ದರೆ ಭಾರದಲ್ಲಿ ಅರ್ಧ ಅವನ ಮೇಲೆ ಹೋಗುತ್ತಿತ್ತು, ಅವನು ಹೊತ್ತುಕೊಳ್ಳಲು ತಯಾರಾಗಿಯೇ ಬಂದಿದ್ದ. ಬಾಯಿ ತುದಿಯವರೆಗೆ ಬಂತು. ಆಮೇಲೆ ಸರಪಳಿ ತೆಗೆದೆ.

"ಡೆರೆಕ್, ನೀವು ಕೂಗಿದ್ದು ನಿಜ. ಆದರೆ ಅವಳಿಗೆ ಹೋಗು ಅಂದವಳು ನಾನು. ಮಾಸ್ಕ್ ಬರಲಿ ಅಂತ ಕಾಯದವಳೂ ನಾನೇ."

ಒಳಗೆ ಕರೆದು ಟೀ ಮಾಡಿದೆ. ಮನೆ ಹೇಗೆ ಗೊತ್ತಾಯಿತು ಅಂತ ಕೇಳಿದೆ. ಅವನು ಆಶ್ಚರ್ಯದಿಂದ ನೋಡಿದ. "ಹನ್ನೊಂದು ವರ್ಷ ಈ ರೂಟ್ ಓಡಿಸಿದ್ದೀನಿ. ಚಿಕ್ಕ ಮಗೂನ ಎತ್ಕೊಂಡು, ಇಲ್ಲೇ ಮೂಲೆ ಸ್ಟಾಪಲ್ಲಿ ಇಳೀತಿದ್ರಿ. ಈ ಬಾಗಿಲು ತೆಗೆಯೋವರೆಗೂ ನನಗೆ ಸಿಗ್ನಲ್ಲಲ್ಲಿ ಕಾಣ್ತಿತ್ತು. ನಿಮಗೆ ನೆನಪಿಲ್ವಾ?" ನನಗೆ ನೆನಪಿರಲಿಲ್ಲ. ಅಷ್ಟು ವರ್ಷ ಡ್ರೈವರಿನ ಮುಖ ನೋಡಿಯೇ ಇರಲಿಲ್ಲ.

ಚೀಟಿಯ ವಿಷಯವನ್ನೂ ಕೇಳಿದೆ. "ಯಾವ ಚೀಟಿ?" ಅಂದ. ತೋರಿಸಿದೆ. ಬಹಳ ಹೊತ್ತು ನೋಡಿ, "ಇದು ನನ್ನ ಅಕ್ಷರ ಅಲ್ಲ" ಅಂದು ಮೇಜಿನ ಮೇಲೆ ಬೋರಲು ಹಾಕಿದ. ಬರೆದವರು ಯಾರು ಅಂತ ಇವತ್ತಿಗೂ ನನಗೆ ತಿಳಿದಿಲ್ಲ. ನಲವತ್ತು ಜನರಲ್ಲಿ ಒಬ್ಬರು. ನಿವೃತ್ತಳಾಗುವ ದಿನ ಬಂದು ಕೈ ಕುಲುಕಿದವರಲ್ಲಿ ಅವರೂ ಇದ್ದಿರಬಹುದು.

ಹತ್ತನೇ ದಿನ ಸುದ್ದಿ ಬಂತು. ಕಣ್ಣು ಉಳಿದಿದೆ. ಎದುರಿಗೆ ನೋಡಿದರೆ ಸರಿಯಾಗಿ ಕಾಣುತ್ತದೆ, ಮೇಲೆ ನೋಡಿದರೆ ಎಲ್ಲವೂ ಎರಡೆರಡಾಗಿ ಕಾಣುತ್ತದೆ. ಆಪರೇಷನ್ ಆದ ಮೇಲೆ ನಿಧಾನವಾಗಿ ಸರಿಹೋಗಬಹುದು. ನಾನು ದೇವರ ಮುಂದೆ ಕೂತೆ.

ಮಾರನೇ ದಿನವೇ ಗ್ರಾಹಂನ ಈಮೇಲ್. ಐದು ನಿಮಿಷ. ವಿಚಾರಣೆ ನಡೆಯಬೇಕಿತ್ತು. ಅವನು ಬಾಗಿಲು ಹಾಕಿ ಮೆಲುದನಿಯಲ್ಲಿ, "ಹ್ಯಾನಾ ಹೇಳಿಕೆ ಕೊಟ್ಟಿದ್ದಾಳೆ. ಮಾಸ್ಕ್ ಬೇಡ ಅಂತ ತಾನೇ ಹೇಳಿದ್ದು ಅಂದಿದ್ದಾಳೆ. ನೀವೂ ಹಾಗೇ ಬರೆದುಕೊಟ್ಟರೆ ಇದು ಇಲ್ಲಿಗೇ ಮುಗಿಯುತ್ತೆ. ನಿಮಗೂ ಒಳ್ಳೇದು, ನಮಗೂ" ಅಂದ.

ಮನೆಗೆ ಬಂದು ಮಹೇಶ್‌ಗೆ ಎಲ್ಲ ಹೇಳಿದೆ, ಚೀಟಿಯ ಸಮೇತ. ಚೀಟಿ ಬಚ್ಚಿಟ್ಟದ್ದಕ್ಕೆ ಬೈದರು. ಆಮೇಲೆ ಕೇಳಿದರು, "ಬೇಡ ಅಂತ ಆ ಹುಡುಗಿ ಹೇಳಿದ್ದು ನಿಜ ತಾನೆ?"

"ನಿಜ."

"ಮತ್ತಿನ್ನೇನು?"

"ಅವಳು ಹಾಗೆ ಹೇಳಿದ್ದು ನನ್ನ ಮುಖ ನೋಡಿ, ರೀ. ನಾನು ಹೆದರಿದ್ದೆ, ಅದನ್ನ ಅವಳು ನೋಡಿದಳು. ನನ್ನನ್ನ ಪಾರು ಮಾಡೋಕೆ ಹಾಗಂದಳು. ಈಗ ಹೇಳಿಕೆ ಕೊಟ್ಟಿರೋದೂ ಅದಕ್ಕೇ."

ನಾನು ಮೂರು ದಿನ ಒದ್ದಾಡಿದೆ. ಧೈರ್ಯವಂತೆ ಅಂತ ತಿಳಿಯಬೇಡಿ, ಮೂರು ದಿನ ಗ್ರಾಹಂ ಹೇಳಿದ ಹಾಗೇ ಬರೆದು ಬರೆದು ಅಳಿಸಿದೆ. ವಿಚಾರಣೆಯ ಕೋಣೆಯಲ್ಲಿ ಮೂವರಿದ್ದರು. ನನ್ನ ಮೊದಲ ಮಾತು ಅವರಿಗೆ ಕೇಳಿಸಲೇ ಇಲ್ಲ. ಎರಡನೇ ಸಲ ಹೇಳಿದೆ: "ಮಾಸ್ಕ್ ತಂಡದ ನಿಯಮ. ಅದನ್ನ ಮುರಿದವಳು ನಾನು. ಪ್ರೇಕ್ಷಕರಿಗೆ ಹೆದರಿ ಅವಸರ ಮಾಡಿದೆ." ಯಾವ ಪ್ರೇಕ್ಷಕ ಅಂತ ಕೇಳಿದರು. ಹೆಸರು ಹೇಳಲಿಲ್ಲ. ಗ್ರಾಹಂ ಪೆನ್ನು ಕೆಳಗಿಟ್ಟು ಕಿಟಕಿಯ ಕಡೆ ನೋಡುತ್ತಿದ್ದ.

ಲಿಖಿತ ಎಚ್ಚರಿಕೆ ಕೊಟ್ಟರು. ಆ ಋತು ಮುಗಿಯುವವರೆಗೆ ತಂಡದಿಂದ ದೂರ ಇಟ್ಟರು. ಪೇಜಿನಲ್ಲಿ ಸಂಭ್ರಮ ಪಟ್ಟರೋ ಇಲ್ಲವೋ ಗೊತ್ತಿಲ್ಲ, ದೀಪ್ತಿ ನನ್ನ ಫೋನಿನಿಂದ ಅದನ್ನು ತೆಗೆದುಹಾಕಿದ್ದಳು. ಕೋಚ್ ಹುದ್ದೆಗೆ ಜಾಹೀರಾತು ಕೊಟ್ಟರು. ಒಬ್ಬರೂ ಅರ್ಜಿ ಹಾಕಲಿಲ್ಲ. ಹಾಗಾಗಿ ಅಕ್ಟೋಬರಿನಲ್ಲಿ ನನ್ನನ್ನೇ ವಾಪಸು ಕರೆದರು. ಅದಕ್ಕಿಂತ ದೊಡ್ಡ ಕಾರಣವೇನೂ ಇರಲಿಲ್ಲ.

ಮುಂದಿನ ಏಪ್ರಿಲಿನ ಮೊದಲ ಪಂದ್ಯದ ದಿನ ಹ್ಯಾನಾ ಕಿಟ್ ಬ್ಯಾಗ್ ಹೊತ್ತು ಮೈದಾನಕ್ಕೆ ಬಂದಳು. ಡಾಕ್ಟರ್ ಒಪ್ಪಿಗೆಯ ಪತ್ರ ಇತ್ತು. ಇನ್ನು ಪಿಚ್ ಮಾಡುವುದಿಲ್ಲ, ಮೂರನೇ ಬೇಸಿನಲ್ಲಿ ನಿಲ್ಲುತ್ತೇನೆ ಅಂದಳು. ಹಿಂದೆ ಜೂಲಿ ಇದ್ದಳು. ಮಗಳು ಶೂ ಕಟ್ಟಿಕೊಳ್ಳಲು ಹೋದಾಗ ಅವಳು ನನ್ನ ಹತ್ತಿರ ಬಂದಳು.

"ಆ ದಿನ ನೀವು ಹೆದರಿದ್ರಿ ಅಂತ ವಿಚಾರಣೆಯಲ್ಲಿ ಹೇಳಿದ್ರಂತೆ."

"ಹೌದು."

"ಈಗ?"

"ಈಗಲೂ ಹೆದರಿಕೆ ಇದೆ."

"ಮತ್ತೆ ನಾನು ಯಾವ ಧೈರ್ಯದ ಮೇಲೆ ಅವಳನ್ನ ಇಲ್ಲಿ ಬಿಡಲಿ?"

"ಬಿಡಿ ಅಂತ ನಾನು ಹೇಳಲಾರೆ ಜೂಲಿ. ಇನ್ನು ಪಿಚರ್ ಒಬ್ಬಳೇ ಅಲ್ಲ, ಮುಖಕ್ಕೆ ಮಾಸ್ಕ್ ಇಲ್ಲದೆ ಯಾರೂ ಮೈದಾನದ ಗೆರೆ ದಾಟಲ್ಲ. ಅಷ್ಟು ಮಾತ್ರ ಹೇಳಬಲ್ಲೆ." ಅವಳು ಹೋಗಿ ಬೇಲಿ ಹಿಡಿದು ನಿಂತಳು. ಡೆರೆಕ್ ತನ್ನ ಕುರ್ಚಿ ಕೊಡಲು ಬಂದ. ಅವಳು ಬೇಡವೆಂದು ತಲೆಯಾಡಿಸಿದಳು. ಅವನೂ ಕೂರಲಿಲ್ಲ.

ಅವತ್ತು ಯಾರೂ ಕೂಗಲಿಲ್ಲ. ಆ ಮೌನದಲ್ಲಿ ನನಗೆ ಕೂಗಿಗಿಂತ ಹೆಚ್ಚು ಹೆದರಿಕೆಯಾಯಿತು. ಎರಡನೇ ಇನ್ನಿಂಗ್ಸಿನಲ್ಲಿ ಎದುರಾಳಿಯ ಗಟ್ಟಿಗಿತ್ತಿ ಬ್ಯಾಟಿಗೆ ಬಂದಳು. ಹ್ಯಾನಾ ಬಾಗಿ ನಿಂತಿದ್ದಳು, ಮಾಸ್ಕಿನ ತಂತಿಯ ಹಿಂದೆ ಅವಳ ಮುಖ ಕಾಣುತ್ತಿರಲಿಲ್ಲ. ಬ್ಯಾಟ್ ಬೀಸಿತು. ಚೆಂಡು ನೆಲ ಮುಟ್ಟದೆ, ಗುಂಡಿನ ಹಾಗೆ, ನೇರ ಅವಳ ಕಡೆಗೇ ಹೊರಟಿತು.

ಇಷ್ಟು ವರ್ಷ ಕೋಚ್ ಆಗಿದ್ದವಳು ನಾನು, ಕಣ್ಣು ಮುಚ್ಚಿಬಿಟ್ಟೆ.

ಟಪ್ ಅನ್ನುವ ಸದ್ದು ಕೇಳಿಸಿತು. ಯಾವುದಕ್ಕೆ ಬಡಿದ ಸದ್ದು ಅಂತ ತಿಳಿಯದೆ ಕಣ್ಣು ತೆರೆಯಲಾಗಲಿಲ್ಲ. ಆಮೇಲೆ ಅಂಪೈರ್ "ಔಟ್" ಅಂದ. ನೋಡಿದರೆ ಹ್ಯಾನಾ ಗ್ಲೌಸನ್ನು ಮುಖದ ಮುಂದೆ ಹಿಡಿದುಕೊಂಡು ಹಾಗೇ ನಿಂತಿದ್ದಳು. ಚೆಂಡು ಅದರೊಳಗಿತ್ತು. ಅವಳಿಗೂ ಅದನ್ನು ಇಳಿಸಲು ಸ್ವಲ್ಪ ಹೊತ್ತು ಬೇಕಾಯಿತು. ಬೇಲಿಯ ಕಡೆ ತಿರುಗಿದೆ. ಜೂಲಿ ಎರಡೂ ಕೈಯಿಂದ ತಂತಿ ಹಿಡಿದು, ತಲೆ ತಗ್ಗಿಸಿ ನಿಂತಿದ್ದಳು. ಅವಳೂ ನೋಡಿರಲಿಲ್ಲ.

ಆ ಪಂದ್ಯದಲ್ಲೂ ಸೋತೆವು, ಒಂಬತ್ತು ರನ್ನಿನಿಂದ.